ವರ್ಷದಿಂದ ಆರೈಕೆಯಿಲ್ಲದ ಉಪ್ಪುನೀರಿನ ಅಕ್ವೇರಿಯಂ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನನ್ನ ಅಣ್ಣ ನಮ್ಮ ಬೆಂಗಳೂರಿನ ಮನೆಯಲ್ಲಿ ಸುಮಾರು 300 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದ. ಕೆಲಸದ ಮೇಲೆ ಅವನು ವಿದೇಶಕ್ಕೆ ಹೋಗಿ ಒಂದು ವರ್ಷವಾಯಿತು. ಅಲ್ಲಿಂದೀಚೆಗೆ ನಾವು ಮೀನಿಗೆ ಆಹಾರ ಹಾಕಿದ್ದೇವೆ, ಆಗೊಮ್ಮೆ ಈಗೊಮ್ಮೆ ನಲ್ಲಿ ನೀರು ತುಂಬಿಸಿದ್ದೇವೆ, ಅಷ್ಟೇ. ಈಗ ನೀರು ಮಾಮೂಲಿ ಮಟ್ಟಕ್ಕಿಂತ ಮೂರು ಇಂಚು ಕೆಳಗಿದೆ, ಕಲ್ಲುಗಳ ತುಂಬ ಕೂದಲಿನಂಥ ಹಸಿರು ಪಾಚಿ ಬೆಳೆದಿದೆ. ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ಗುಂಡಿಯಾಕಾರದ ಒಂದಷ್ಟು ಜೊವಾಂಥಿಡ್ (ಕಲ್ಲಿಗೆ ಅಂಟಿ ಬದುಕುವ, ಹವಳದ ಸಂಬಂಧಿ ಜೀವಿ) ಮತ್ತು ಎಲ್ಲೆಡೆ ಹಬ್ಬಿರುವ ಕಂದು ಬಣ್ಣದ ಪುಟ್ಟ ಅನಿಮೋನ್‌ಗಳು ಬದುಕಿವೆ. ಅಂಗಡಿಯಲ್ಲಿ ನೀರು ಪರೀಕ್ಷಿಸಿದಾಗ ಉಪ್ಪಿನಂಶವನ್ನು ತಿಳಿಸುವ ಸ್ಪೆಸಿಫಿಕ್ ಗ್ರಾವಿಟಿ 1.031, ಪಿಎಚ್ 7.6, ಅಮೋನಿಯಾ 0.5 ಎಂದು ಬಂತು, ನೈಟ್ರೇಟ್ ಮಾತ್ರ ಪಟ್ಟಿಯ ಕೊನೆಯ ಗಾಢ ಬಣ್ಣಕ್ಕೆ ಹೋಯಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಒಂದೇ ದಿನದಲ್ಲಿ ಹೊಸದಾಗಿ ಕಟ್ಟಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಒಂದು ವರ್ಷದ ಅನಾದರವನ್ನು ತಾಳಿಕೊಂಡು ಬಂದ ಮೀನುಗಳು ಒಂದು ದಿನದ ಶುಚಿತ್ವದಿಂದ ಸಾಯಬಹುದು. ನಿಮ್ಮ ಟ್ಯಾಂಕಿನ ನೀರು ಒಂದು ರಾತ್ರಿಯಲ್ಲಿ ಕೆಟ್ಟದ್ದಲ್ಲ. ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೆಡುತ್ತ ಬಂತು, ಮೀನುಗಳ ದೇಹವೂ ಅದಕ್ಕೆ ಸ್ವಲ್ಪ ಸ್ವಲ್ಪವಾಗಿಯೇ ಒಗ್ಗಿಕೊಂಡಿತು. ಆದ್ದರಿಂದ ಅದನ್ನು ಸರಿಪಡಿಸುವ ಕೆಲಸವೂ ವಾರಗಳ ಲೆಕ್ಕದಲ್ಲಿಯೇ ನಡೆಯಬೇಕು. ಬದುಕುಳಿದಿರುವ ಜೀವಿಗಳ ಪಟ್ಟಿಯನ್ನೂ ನೀವು ಕೊಟ್ಟಿರುವ ಅಂಕಿಗಳನ್ನೂ ನೋಡಿದರೆ ಈ ಟ್ಯಾಂಕನ್ನು ಖಂಡಿತವಾಗಿ ಉಳಿಸಿಕೊಳ್ಳಬಹುದು. ಕ್ಲೌನ್ ಮೀನುಗಳು ಒಳ್ಳೆಯ ಆರೈಕೆಯಲ್ಲಿ 20 ವರ್ಷ ದಾಟಿ ಬದುಕಿದ ಉದಾಹರಣೆಗಳಿವೆ, ನಿಮ್ಮ ಮೀನುಗಳ ಮುಂದೆ ಇನ್ನೂ ಬಹಳ ಆಯುಸ್ಸು ಇರಬಹುದು.

ಕುದಿಯುವ ನೀರಿನ ವಿಚಾರವನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು, ಏಕೆಂದರೆ ಅದು ಮೀನುಗಳಿಗಿಂತ ನಿಮ್ಮ ಮನೆಯವರಿಗೆ ಹೆಚ್ಚು ಅಪಾಯಕಾರಿ. ಜೊವಾಂಥಿಡ್‌ಗಳಲ್ಲಿ, ಮುಖ್ಯವಾಗಿ ಪಾಲಿಥೋವಾ ಎಂಬ ಗುಂಪಿನಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿರಬಹುದು. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿ ವಿವರಿಸಿದ ಈ ವಸ್ತು, ನಿಸರ್ಗದಲ್ಲಿ ಸಿಗುವ ಅತ್ಯಂತ ಪ್ರಬಲ ವಿಷಗಳಲ್ಲಿ ಒಂದು. ಇಂಥ ಜೀವಿಗಳು ಅಂಟಿಕೊಂಡಿರುವ ಕಲ್ಲನ್ನು ಕುದಿಸಿದಾಗ, ಬಿಸಿನೀರಿನಲ್ಲಿ ಉಜ್ಜಿದಾಗ ಅಥವಾ ಹೊರಗೆ ತೆಗೆದು ಒಣ ಬ್ರಷ್‌ನಿಂದ ಕೆರೆದಾಗ, ಎದ್ದ ಆವಿಯನ್ನೂ ಹನಿಗಳನ್ನೂ ಉಸಿರಾಡಿದವರು ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕೆಲವು ಕಡೆ ಕೋಣೆಯಲ್ಲಿದ್ದ ಇಡೀ ಕುಟುಂಬವೇ ಅಸ್ವಸ್ಥವಾಗಿದೆ. ನಿಮ್ಮ ಟ್ಯಾಂಕಿನಲ್ಲಿರುವುದು ಯಾವ ಜಾತಿ ಎಂದು ಬಣ್ಣ ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ಕಲ್ಲುಗಳನ್ನು ನೀರಿನಿಂದ ಹೊರತೆಗೆಯದೆ ಕೆಲಸ ಮಾಡಿ, ಮೊಳಕೈವರೆಗೆ ಬರುವ ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ, ಕೈಯಲ್ಲಿ ಗಾಯವಿದ್ದರೆ ಆ ದಿನ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ತೊಟ್ಟಿಗಳಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಸಹ ಗಾಯದ ಮೂಲಕ ಒಳಸೇರಿ, ತಿಂಗಳುಗಟ್ಟಲೆ ಮಾಯದ ಗಂಟುಗಳನ್ನು ಉಂಟುಮಾಡುತ್ತದೆ.

ಎರಡನೆಯದು ವಿದ್ಯುತ್. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಒಂದು ವರ್ಷದಲ್ಲಿ ಉಪ್ಪು ವೈರುಗಳ ಮೇಲೆ ಹತ್ತಿಕೊಂಡು ಪ್ಲಗ್ ಬೋರ್ಡಿನವರೆಗೂ ಹೋಗಿರುತ್ತದೆ. ಕೈ ಹಾಕುವ ಮುನ್ನ ಎಲ್ಲ ಪ್ಲಗ್‌ಗಳನ್ನು ಕಿತ್ತು, ಬಿಳಿಯ ಹರಳುಗಟ್ಟಿದ ಪಿನ್‌ಗಳನ್ನು ಪರೀಕ್ಷಿಸಿ. ಹಸಿರಾಗಿ ಕಿಲುಬು ಹಿಡಿದ ಪ್ಲಗ್ಗನ್ನು ಮತ್ತೆ ಬಳಸಬೇಡಿ. ಹಳೆಯ ಗಾಜಿನ ಹೀಟರನ್ನು ಮರುಮಾತಿಲ್ಲದೆ ಬದಲಾಯಿಸಿ. ಈ ಸರ್ಕೀಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಪ್ರತಿ ವೈರೂ ಬೋರ್ಡಿಗೆ ಏರುವ ಮುನ್ನ ಬೋರ್ಡಿಗಿಂತ ಕೆಳಗೆ ಒಮ್ಮೆ ಜೋತುಬಿದ್ದಿರಬೇಕು, ಆಗ ವೈರಿನ ಗುಂಟ ಹರಿದ ನೀರು ಬೋರ್ಡಿಗೆ ಹೋಗದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಹಾಗೆಯೇ ಬಗ್ಗಿ ಸ್ಟ್ಯಾಂಡನ್ನು ನೋಡಿ: ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನ ಸ್ಟ್ಯಾಂಡ್ ಆಗಿದ್ದು ಅದರ ಅಂಚುಗಳು ನೆನೆದು ಉಬ್ಬಿದ್ದರೆ, ಮೂರುನೂರು ಕಿಲೋ ಮೀರಿದ ಭಾರವನ್ನು ಅದರ ಮೇಲೆ ಬಿಡುವುದು ಸರಿಯಲ್ಲ. ಆ ಒಂದು ಸಂದರ್ಭದಲ್ಲಿ ಮಾತ್ರ ಟ್ಯಾಂಕನ್ನು ಖಾಲಿ ಮಾಡಿ ಸ್ಥಳಾಂತರಿಸುವುದು ಅನಿವಾರ್ಯವಾಗುತ್ತದೆ.

ಇನ್ನು ನೀರಿನ ವಿಚಾರ. ನಿಮ್ಮ ಅಂಕಿಗಳಲ್ಲಿ ನೋಡಿದವರಿಗೆಲ್ಲ ಗಾಬರಿ ಹುಟ್ಟಿಸುವುದು ನೈಟ್ರೇಟ್, ಆದರೆ ನಿಜವಾದ ಅಪಾಯ ಅಡಗಿರುವುದು 7.6ರ ಪಿಎಚ್ ಮತ್ತು 0.5ರ ಅಮೋನಿಯಾ ಜೊತೆಯಾಗಿರುವುದರಲ್ಲಿ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ರೂಪ ಮೀನಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ, ಅನಿಲರೂಪದ ಅಮೋನಿಯಾ ಕಿವಿರುಗಳನ್ನು ಸುಡುತ್ತದೆ. ಟೆಸ್ಟ್ ಕಿಟ್ ತೋರಿಸುವುದು ಎರಡರ ಮೊತ್ತವನ್ನು. 25 ಡಿಗ್ರಿ ತಾಪಮಾನದಲ್ಲಿ ಪಿಎಚ್ 7.6 ಇರುವಾಗ ಈ ಮೊತ್ತದಲ್ಲಿ ವಿಷಕಾರಿ ಭಾಗ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ, ಪಿಎಚ್ 8.2ಕ್ಕೆ ಏರಿದರೆ ಅದೇ ಭಾಗ ಶೇಕಡಾ 7ರ ಹತ್ತಿರ ಹೋಗುತ್ತದೆ. ಅಂದರೆ ನೀವು ಇವತ್ತೇ ಅರ್ಧದಷ್ಟು ನೀರು ತೆಗೆದು ಒಳ್ಳೆಯ ಹೊಸ ನೀರು ತುಂಬಿದರೆ ಅಮೋನಿಯಾದ ಒಟ್ಟು ಪ್ರಮಾಣ ಅರ್ಧಕ್ಕೆ ಇಳಿದರೂ ಅದರ ವಿಷದ ಪಾಲು ಮೂರು ಪಟ್ಟಿನಷ್ಟು ಏರಬಹುದು. ನೀರು ಬದಲಾಯಿಸಿದ ಮರುದಿನ ಮೀನು ಸತ್ತವು, ಹೊಸ ನೀರೇ ಕೆಟ್ಟದ್ದಿರಬೇಕು ಎಂದು ಎಷ್ಟೋ ಮಂದಿ ಹೇಳುವುದರ ಹಿಂದೆ ಇರುವುದು ಹೆಚ್ಚಾಗಿ ಇದೇ ಕಾರಣ.

ಆದ್ದರಿಂದ ಮೊದಲು ಅಮೋನಿಯಾ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ವರ್ಷಗಳಿಂದ ನಡೆಯುತ್ತಿರುವ ಟ್ಯಾಂಕಿನ ಕಲ್ಲುಗಳಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಸಾಕಷ್ಟು ಇರುತ್ತವೆ. ಮೂರು ಸಣ್ಣ ಮೀನುಗಳ ತ್ಯಾಜ್ಯ ಅವುಗಳಿಗೆ ಹೆಚ್ಚಿನದಲ್ಲ. ಅಂಥಲ್ಲಿ ಅಮೋನಿಯಾ ಕಾಣಿಸಿಕೊಂಡಿದೆ ಎಂದರೆ ಕಲ್ಲಿನ ಹಿಂದೆ ಬಸವನಹುಳುವೋ ಮತ್ತೊಂದೋ ಸತ್ತು ಕೊಳೆಯುತ್ತಿರಬಹುದು, ಹೆಚ್ಚಿನ ಆಹಾರ ಮೂಲೆಯಲ್ಲಿ ಸೇರಿರಬಹುದು, ಇಲ್ಲವೇ ನೀರಿನ ಹರಿವೇ ನಿಂತುಹೋಗಿರಬಹುದು. ನೀರು ಮೂರು ಇಂಚು ಇಳಿದಿದೆ ಎಂದಿರಿ. ಹಿಂಬದಿಗೆ ತೂಗುಹಾಕುವ ಫಿಲ್ಟರ್ ಅಥವಾ ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಸಾಧನ) ಆಗಿದ್ದರೆ ಅದರ ಕೊಳವೆ ಆ ಮಟ್ಟಕ್ಕೆ ನೀರು ಎಳೆಯಲಾರದೆ ಎಷ್ಟೋ ದಿನಗಳಿಂದ ಬರಿದೇ ಗುಂಯ್‌ಗುಡುತ್ತಿರುವ ಸಾಧ್ಯತೆಯೂ ಇದೆ. ಪಂಪುಗಳನ್ನು ಒಂದೊಂದಾಗಿ ಹೊರತೆಗೆದು, ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಬಕೆಟ್ಟಿನಲ್ಲಿ ಕೆಲವು ಗಂಟೆ ನೆನೆಸಿ. ತಿರುಗುವ ಚಕ್ರದ ಸುತ್ತ ಕಟ್ಟಿಕೊಂಡಿರುವ ಸುಣ್ಣದ ಪದರ ಗುಳ್ಳೆಯೆದ್ದು ಕರಗುವುದು ಕಣ್ಣಿಗೇ ಕಾಣುತ್ತದೆ. ತೊಳೆದು ಮತ್ತೆ ಹಾಕಿದಾಗ ಹರಿವು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಆಹಾರವನ್ನು ಎರಡು ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟಕ್ಕೆ ಇಳಿಸಿ. ಆರೋಗ್ಯವಂತ ಮೀನುಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಇದರ ಜೊತೆಯಲ್ಲಿಯೇ ಉಪ್ಪಿನಂಶವನ್ನು ಇಳಿಸಬಹುದು, ಇದಕ್ಕೆ ನೀರು ತೆಗೆಯುವ ಅಗತ್ಯವೂ ಇಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಸಹಜ ಸಮುದ್ರದ ನೀರಿನ ಒಂದು ಕಿಲೋದಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಅದರ ಸ್ಪೆಸಿಫಿಕ್ ಗ್ರಾವಿಟಿ 1.026. ನಿಮ್ಮ 1.031 ಎಂದರೆ 41 ಗ್ರಾಂ, ಹೆಚ್ಚುಕಡಿಮೆ ಕೆಂಪು ಸಮುದ್ರದಷ್ಟು. ಕಲ್ಲು ಮರಳುಗಳ ಜಾಗ ಕಳೆದರೆ ಟ್ಯಾಂಕಿನಲ್ಲಿ ಈಗ ಇರುವುದು 210 ಲೀಟರ್ ನೀರು ಎಂದುಕೊಳ್ಳೋಣ. ಅದಕ್ಕೆ ದಿನಕ್ಕೆ 5 ಲೀಟರಿನಂತೆ ಉಪ್ಪಿಲ್ಲದ ಶುದ್ಧ ನೀರು ಸೇರಿಸಿದರೆ ಪ್ರತಿದಿನ ಒಂದು ಗ್ರಾಮಿಗಿಂತ ತುಸು ಕಡಿಮೆ ಇಳಿಯುತ್ತದೆ. ಎಂಟು ದಿನಗಳಲ್ಲಿ 40 ಲೀಟರ್ ತುಂಬಿ ಮಟ್ಟವೂ ಸರಿಯಾಗುತ್ತದೆ, ಉಪ್ಪೂ 35ರ ಹತ್ತಿರ ಬಂದು ನಿಲ್ಲುತ್ತದೆ. ಗಾಜಿನ ಅಂಚಿನಲ್ಲಿ ಕಟ್ಟಿರುವ ಉಪ್ಪಿನ ಹೆಕ್ಕಳಿಕೆಯನ್ನು ಒಳಕ್ಕೆ ಕೆರೆಯದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬಳಸುವ ಮುನ್ನ 35 ಗ್ರಾಮಿನ ಮಾಪನ ದ್ರಾವಣದಿಂದ ಸರಿಹೊಂದಿಸಿಕೊಳ್ಳಿ. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಆದರೆ ಮುಳ್ಳಿನ ಮೇಲೆ ಕೂತ ಉಪ್ಪೇ ತಪ್ಪು ಅಂಕಿ ತೋರಿಸುತ್ತದೆ.

ಶುದ್ಧ ನೀರು ಎಂದಾಗ ನಲ್ಲಿಯ ನೀರನ್ನಾಗಲಿ ಬೋರ್‌ವೆಲ್ ನೀರನ್ನಾಗಲಿ ನಾನು ಹೇಳುತ್ತಿಲ್ಲ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೆಂಗಳೂರಿನ ಬೋರ್‌ವೆಲ್‌ಗಳಲ್ಲಿ ಗಡಸುತನದ ಜೊತೆಗೆ ಅನೇಕ ಕಡೆ ನೈಟ್ರೇಟ್ ಕೂಡ ಹೆಚ್ಚಿರುತ್ತದೆ. ಒಂದು ವರ್ಷ ಇಂಥ ನೀರು ತುಂಬಿದಾಗ ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲಿಯೇ ಉಳಿದು ಗಟ್ಟಿಯಾಗುತ್ತ ಹೋಗಿದೆ, ಪಾಚಿಯ ಒಂದು ಪಾಲು ಅಲ್ಲಿಂದಲೇ ಬಂದಿರಬಹುದು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರವೂ ಇದಕ್ಕೆ ಸಾಲದು: ಅವುಗಳಲ್ಲಿ ಬಹುಪಾಲು ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಕಂಟ್ರೋಲರ್ ಇರುತ್ತದೆ, ಅದು ಶುದ್ಧವಾದ ನೀರಿಗೆ ಒಂದಷ್ಟು ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಆ ಕಂಟ್ರೋಲರನ್ನು ಪೂರ್ತಿ ಮುಚ್ಚಿಸಿ, ಖನಿಜ ಸೇರಿಸುವ ಕಾರ್ಟ್ರಿಜ್ ಇದ್ದರೆ ತೆಗೆಸಿ, ಕೊನೆಯಲ್ಲಿ ಉಳಿದ ಲವಣಗಳನ್ನೂ ಹೀರುವ ಒಂದು ಡಿಐ ರೆಸಿನ್ ಕೊಳವೆ ಜೋಡಿಸಿದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತದೆ. ಅಕ್ವೇರಿಯಂಗೆ ಬೇಕಾದದ್ದು ಆ ನೀರು.

ಅಮೋನಿಯಾ ಸೊನ್ನೆಗೆ ಬಂದು ಎರಡು ಮೂರು ದಿನ ಹಾಗೆಯೇ ನಿಂತ ಮೇಲೆ ಪಿಎಚ್ ಮತ್ತು ನೈಟ್ರೇಟಿನ ಕಡೆಗೆ ತಿರುಗಬಹುದು. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ನೀರಿನ ಕ್ಷಾರತೆಯನ್ನು, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಶಕ್ತಿಯನ್ನು, ತಿನ್ನುತ್ತದೆ. ನೀರು ಬದಲಾಯಿಸದೆ ವರ್ಷ ಕಳೆದಾಗ ಕ್ಷಾರತೆ ಬರಿದಾಗುತ್ತದೆ, ಪಿಎಚ್ ಕುಸಿಯುತ್ತದೆ. ಆದ್ದರಿಂದ ಕ್ಷಾರತೆಯ ಟೆಸ್ಟ್ ಕಿಟ್ ಒಂದನ್ನು ಕೊಂಡು ಅಳೆಯಿರಿ. ಸಮುದ್ರದಲ್ಲಿ ಅದು 7 ಡಿಕೆಎಚ್ (ಕ್ಷಾರತೆ ಅಳೆಯುವ ಏಕಮಾನ) ಆಸುಪಾಸಿನಲ್ಲಿರುತ್ತದೆ, ಟ್ಯಾಂಕಿನಲ್ಲಿ 8 ಇದ್ದರೆ ಸಾಕು. ನಿಮ್ಮದು 4 ಅಥವಾ 5 ಬಂದರೆ ಅಚ್ಚರಿಯಿಲ್ಲ. 250 ಲೀಟರ್ ನೀರಿನ ಕ್ಷಾರತೆಯನ್ನು 1 ಡಿಕೆಎಚ್ ಏರಿಸಲು ಶುದ್ಧವಾದ ಅಡುಗೆ ಸೋಡಾ ಏಳೂವರೆ ಗ್ರಾಂ ಬೇಕು. ಅದನ್ನು ಒಂದು ಲೋಟ ಆರ್‌ಒ ನೀರಿನಲ್ಲಿ ಕರಗಿಸಿ, ಪಂಪಿನ ಮುಂದೆ ನಿಧಾನವಾಗಿ ಸುರಿಯಿರಿ, ಒಂದು ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಕೊಳ್ಳುವಾಗ ಪೊಟ್ಟಣ ನೋಡಿ ತೆಗೆದುಕೊಳ್ಳಿ.

ನೀರು ಬದಲಾಯಿಸುವುದು ವಾರಕ್ಕೆ ಶೇಕಡಾ 10, ಅಂದರೆ 25 ಲೀಟರಿನಂತೆ ಇರಲಿ. ಅಣ್ಣ ಬಿಟ್ಟುಹೋದ ಉಪ್ಪಿನ ಚೀಲ ಗಾಳಿಯ ತೇವ ಹೀರಿ ಕಲ್ಲಾಗಿದ್ದರೆ ಅದನ್ನು ಬಳಸಬೇಡಿ, ತೇವ ತಗುಲಿದ ಸಾಲ್ಟ್ ಮಿಕ್ಸ್‌ನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಮೊದಲೇ ಕೂಡಿಕೊಂಡು ಕರಗದ ಪುಡಿಯಾಗಿರುತ್ತವೆ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು, ಪಂಪ್ ಹಾಕಿ ಒಂದು ದಿನ ಕಲಕಿ, ಟ್ಯಾಂಕಿನ ತಾಪಮಾನಕ್ಕೆ ತಂದು ಬಳಸಬೇಕು. ಮಂಗಳೂರಿನಿಂದಲೋ ಮಲ್ಪೆಯಿಂದಲೋ ಬರುವಾಗ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ನಮ್ಮ ಕರಾವಳಿಯ ದಡದ ನೀರಿನಲ್ಲಿ ಮಳೆಗಾಲದಲ್ಲಿ ನದಿಗಳ ಸಿಹಿನೀರೂ ಹೂಳೂ ಸೇರಿ ಉಪ್ಪಿನಂಶ ಬಹಳ ಇಳಿದಿರುತ್ತದೆ, ಬಂದರಿನ ಬಳಿ ಎಣ್ಣೆಯೂ ಇರುತ್ತದೆ. ಚೇತರಿಸಿಕೊಳ್ಳುತ್ತಿರುವ ಟ್ಯಾಂಕಿಗೆ ಅದು ಬೇಡ.

ಶೇಕಡಾ 10ರಂತೆ ಹತ್ತು ಸಲ ಬದಲಾಯಿಸಿದರೆ ಹಳೆಯ ನೀರಿನ ಮೂರನೇ ಒಂದು ಪಾಲು ಉಳಿಯುತ್ತದೆ, ಆದ್ದರಿಂದ ನೈಟ್ರೇಟ್ 120 ಇತ್ತು ಎಂದುಕೊಂಡರೆ ಅದು ಲೆಕ್ಕದ ಪ್ರಕಾರ 40ರ ಹತ್ತಿರ ಬರಬೇಕು. ಪಟ್ಟಿಯ ಕೊನೆಯ ಬಣ್ಣ ನಿಜವಾದ ಅಂಕಿಯನ್ನು ಹೇಳುವುದಿಲ್ಲ. ಒಂದು ಪಾಲು ಟ್ಯಾಂಕಿನ ನೀರಿಗೆ ಒಂಬತ್ತು ಪಾಲು ಆರ್‌ಒ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಲೆಕ್ಕದಷ್ಟು ಇಳಿಯುತ್ತಿಲ್ಲ ಎಂದಾದರೆ ಕೊಳೆ ಮರಳಿನಲ್ಲಿದೆ ಎಂದರ್ಥ. ಪ್ರತಿ ಸಲ ನೀರು ತೆಗೆಯುವಾಗ ಮರಳಿನ ನಾಲ್ಕನೇ ಒಂದು ಭಾಗವನ್ನು ಮಾತ್ರ ಸೈಫನ್‌ನಿಂದ ಶುಚಿಮಾಡಿ. ಗಾಜಿನ ಬದಿಯಿಂದ ನೋಡಿದಾಗ ಮರಳಿನ ಆಳದಲ್ಲಿ ಕಪ್ಪು ಪಟ್ಟಿ ಕಂಡರೆ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ. ಅದನ್ನು ಕಲಕಬೇಡಿ. ಅಗಲವಾದ ಕೊಳವೆಯನ್ನು ನೇರವಾಗಿ ಇಳಿಸಿ, ಅಂಗೈಯಗಲದಷ್ಟು ಜಾಗದ ಮರಳನ್ನು ನೀರಿನ ಸಮೇತ ಹೊರಕ್ಕೆ ಎಳೆದು ಎಸೆಯಿರಿ, ಉಳಿದದ್ದನ್ನು ಮುಂದಿನ ವಾರಕ್ಕೆ ಬಿಡಿ.

ಪಾಚಿಯ ವಿಷಯದಲ್ಲಿ ನಿಮಗೆ ತಾಳ್ಮೆ ಅತಿ ಹೆಚ್ಚು ಬೇಕಾಗುತ್ತದೆ. ಹಳೆಯ ಕಲ್ಲು ಮತ್ತು ಮರಳು ಸುಣ್ಣದ ವಸ್ತುವಾದ್ದರಿಂದ ವರ್ಷವಿಡೀ ಫಾಸ್ಫೇಟನ್ನು ಹೀರಿಕೊಂಡಿವೆ. ನೀರಿನಲ್ಲಿ ಫಾಸ್ಫೇಟ್ ಇಳಿಸಿದ ಕೂಡಲೇ ಕಲ್ಲು ತನ್ನಲ್ಲಿದ್ದದ್ದನ್ನು ಬಿಡಲಾರಂಭಿಸುತ್ತದೆ, ಹೀಗಾಗಿ ನೀರು ಚೆನ್ನಾದರೂ ಪಾಚಿ ಕೆಲವು ವಾರ ಹಾಗೆಯೇ ಇರುತ್ತದೆ. ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ, ನೀರು ಬದಲಾಯಿಸುವ ದಿನ ಪಾಚಿಯನ್ನು ಕೈಯಿಂದ ಕಿತ್ತು, ತುಣುಕುಗಳನ್ನು ಸೈಫನ್‌ನಿಂದ ಎಳೆದುಬಿಡಿ. ಪಾಚಿಯ ಜೊತೆ ಕಿತ್ತು ಬರುವುದು ಅದರ ದೇಹದಲ್ಲಿರುವ ನೈಟ್ರೇಟ್ ಫಾಸ್ಫೇಟ್ ಕೂಡ, ಆದ್ದರಿಂದ ಯಾವ ಔಷಧಿಗಿಂತಲೂ ಈ ಕೈಕೆಲಸ ಮೇಲು ಎಂದು ನಾನು ನಂಬಿದ್ದೇನೆ. ಫಾಸ್ಫೇಟ್ ಹೀರುವ ಜಿಎಫ್‌ಒ (ಕಬ್ಬಿಣದ ಆಕ್ಸೈಡಿನ ಹರಳು) ಬಳಸುವುದಾದರೆ ಪೊಟ್ಟಣದಲ್ಲಿ ಹೇಳಿರುವುದರ ಅರ್ಧದಿಂದ ಶುರುಮಾಡಿ. ಫಾಸ್ಫೇಟ್ ನೈಟ್ರೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ಟ್ಯಾಂಕುಗಳಲ್ಲಿ ಡೈನೋಫ್ಲಾಜೆಲೇಟ್ ಎಂಬ ಲೋಳೆಯಂಥ ಕಂದು ಪೀಡೆ ಏಳುತ್ತದೆ, ಅದನ್ನು ತೊಲಗಿಸುವುದು ಕೂದಲುಪಾಚಿಗಿಂತ ಕಷ್ಟ. ಕಿತ್ತ ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಿ, ಚರಂಡಿಗೋ ಕೆರೆಗೋ ಸಮುದ್ರಕ್ಕೋ ಬಿಡಬೇಡಿ. ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ 1984ರಲ್ಲಿ ಮೊನಾಕೋದ ತೀರದಲ್ಲಿ ಮೊದಲು ಕಂಡು, ಮುಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ವಿಸ್ತಾರವಾಗಿ ಹಬ್ಬಿ ಅಲ್ಲಿನ ಸಮುದ್ರಹುಲ್ಲಿಗೆ ಕಂಟಕವಾಯಿತು.

ಕಂದು ಅನಿಮೋನ್‌ಗಳು ಬಹುಶಃ ಐಪ್ಟೇಸಿಯಾ, ಟ್ಯಾಂಕಿನ ತುಂಬ ಹಬ್ಬಿ ಪೀಡೆಯಾಗುವ ಜೀವಿ. ಅವನ್ನು ಕತ್ತರಿಸಬೇಡಿ, ಕೆರೆಯಬೇಡಿ: ಕಲ್ಲಿನಲ್ಲಿ ಉಳಿದ ಪಾದದ ಚೂರು ಒಂದೊಂದೂ ಹೊಸ ಅನಿಮೋನ್ ಆಗಿ ಬೆಳೆಯುತ್ತದೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಗೆ ನೇರವಾಗಿ ತುಂಬಿದರೆ ಸಾಯುತ್ತದೆ. ಆದರೆ ಇದು ಪಿಎಚ್ ಏರಿಸುವ ವಸ್ತುವಾದ್ದರಿಂದ ಅಮೋನಿಯಾ ಸೊನ್ನೆಯಾಗುವ ಮೊದಲು ಈ ಕೆಲಸಕ್ಕೆ ಕೈ ಹಾಕಬಾರದು, ಆಮೇಲೂ ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ.

ಹೊಸ ಜೀವಿಗಳನ್ನು ತರುವ ಆಸೆ ಮೊದಲ ತಿಂಗಳಲ್ಲಿಯೇ ಹುಟ್ಟುತ್ತದೆ. ನೈಟ್ರೇಟ್ 20ಕ್ಕಿಂತ ಕೆಳಗಿಳಿದು, ಕ್ಷಾರತೆ ಸ್ಥಿರವಾಗಿ, ಪಾಚಿ ಹಿಮ್ಮೆಟ್ಟುವವರೆಗೆ ಅದನ್ನು ಮುಂದೂಡಿ. ಬಸವನಹುಳು, ಸೀಗಡಿಗಳಂಥವು ಉಪ್ಪಿನ ಏರಿಳಿತವನ್ನು ಮೀನುಗಳಷ್ಟು ತಾಳಲಾರವು. ಕಲ್ಲುಹವಳ ತರುವ ಮುನ್ನ ಕಾನೂನನ್ನು ತಿಳಿದುಕೊಳ್ಳಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಎಲ್ಲ ಕಲ್ಲುಹವಳಗಳೂ ಸಮುದ್ರ ಕುದುರೆಗಳೂ 2001ರಲ್ಲಿಯೇ ಸೇರಿವೆ. ನಮ್ಮ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಮನ್ನಾರ್ ಕೊಲ್ಲಿಯಿಂದಾಗಲಿ ಕಿತ್ತು ತಂದ ಹವಳವನ್ನು ಯಾರು ಮಾರಿದರೂ ಕೊಳ್ಳುವವರೂ ಅಪರಾಧಿಗಳೇ. ವಿದೇಶಿ ಮೂಲದ, ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಅಣ್ಣನ ಬಳಿ ಖರೀದಿಯ ಬಿಲ್ಲುಗಳಿದ್ದರೆ ಕೇಳಿ ಇಟ್ಟುಕೊಳ್ಳಿ. ಮೀನುಗಳ ವಿಷಯದಲ್ಲಿ ಹ್ಯಾಚರಿಯಲ್ಲಿ ಹುಟ್ಟಿದವನ್ನೇ ಕೇಳಿ ಪಡೆಯಿರಿ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಲ್ಲಿಯೇ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ, ಅಂಥ ಮರಿಗಳು ಹವಳದ ಬಂಡೆಯಿಂದ ಹಿಡಿದು ತಂದ ಮೀನುಗಳಿಗಿಂತ ಟ್ಯಾಂಕಿಗೆ ಬೇಗ ಒಗ್ಗುತ್ತವೆ.

ಯಾವ ಮೀನನ್ನು ತಂದರೂ ಮರಳಿಲ್ಲದ, ಕಲ್ಲಿಲ್ಲದ ಬೇರೆಯ ಚಿಕ್ಕ ತೊಟ್ಟಿಯಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟು ನೋಡಿ, ಅಡಗಿಕೊಳ್ಳಲು ಒಂದು ಪಿವಿಸಿ ಕೊಳವೆಯ ತುಂಡು ಸಾಕು. ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಎಬ್ಬಿಸುವ ಕ್ರಿಪ್ಟೋಕಾರಿಯಾನ್ ಪರೋಪಜೀವಿ ಒಮ್ಮೆ ದೊಡ್ಡ ಟ್ಯಾಂಕಿಗೆ ಹೋದರೆ, ಅದನ್ನು ಹೊರಹಾಕಲು ಟ್ಯಾಂಕನ್ನು ಸುಮಾರು ಹನ್ನೊಂದು ವಾರ ಮೀನಿಲ್ಲದೆ ಬಿಡಬೇಕಾಗುತ್ತದೆ. ಅದಕ್ಕೆ ತಾಮ್ರದ ಔಷಧಿ ಕೊಡುವುದಾದರೆ ಆ ಚಿಕ್ಕ ತೊಟ್ಟಿಯಲ್ಲಿ ಮಾತ್ರ ಕೊಡಿ. ದೊಡ್ಡ ಟ್ಯಾಂಕಿನಲ್ಲಿ ತಾಮ್ರ ಜೊವಾಂಥಿಡ್‌ಗಳನ್ನು ಕೊಲ್ಲುವುದಲ್ಲದೆ ಕಲ್ಲುಗಳಲ್ಲಿ ಸೇರಿಕೊಂಡು, ಮುಂದೆ ನೀವು ತರುವ ಸೀಗಡಿ ಬಸವನಹುಳುಗಳಿಗೂ ಬಹಳ ಕಾಲ ವಿಷವಾಗಿ ಉಳಿಯುತ್ತದೆ.